ಶರೀಫರ ಪದವೂ ನಾಗಾಭರಣರ ಚಿತ್ರವೂ

ಶ್ರೀ ಟಿ. ಎಸ್. ನಾಗಾಭರಣರು 1978ರ ‘ಗ್ರಹಣ’ದಿಂದ ಚಿತ್ರನಿರ್ದೇಶನಕ್ಕೆ ತೊಡಗಿ, ಮುಂದೆ ದೂರದರ್ಶನದ ಧಾರಾವಾಹಿಗಳಲ್ಲಿಯೂ ಕೈಯಾಡಿಸಿದವರು. ಅವರ ಕೃತಿಗಳಲ್ಲಿ ಹಾವೇರಿ ಸೀಮೆಗೆ ಸಲ್ಲುವಂಥದು 1990ರ ‘ಸಂತ ಶಿಶುನಾಳ ಶರೀಫ’. ಶಿಶುನಾಳವು ಇಂದು ಆ ಜಿಲ್ಲೆಯಲ್ಲಿಯೇ ಇರುವದು. ಶ್ರೀಧರರ ಶರೀಫ, ಗಿರೀಶ ಕಾರ್ನಾಡರ ಗೋವಿಂದಭಟ್ಟ, ಇವರಿಬ್ಬರ ಗುರುಶಿಷ್ಯಭಾವವು ಬರಿಯ ಉಪದೇಶವಾಗದೆ ನಡೆನುಡಿಯಲ್ಲಿ ಮೂಡಿರುವದು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ದೊರೆತುದು ಯೋಗ್ಯವೇ ಸರಿ.

ಆಕ್ಷೇಪವಿರುವದು ಪದಗಳ ವಿಷಯದಲ್ಲಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಡೆಯ ಭಜನಾಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ಒಬ್ಬನು ಹಾಡಿದ ನುಡಿಯನ್ನು ಮೇಳವು ಮರುನುಡಿಯುವದು. ಪದದ ಒಗಟು ಬಿಚ್ಚಿಕೊಳ್ಳುವದು ಆ ಮರುನುಡಿಯಲ್ಲಿಯೇ. ಸಿ. ಅಶ್ವತ್ಥರ ಸಂಗೀತವು ಮನಮುಟ್ಟುವದೇನೋ ನಿಜ. ಆದರೆ ಅಲ್ಲಿ ಭಾವಗೀತದ ಒಂಟಿ ಕಂಠಕ್ಕೇ ಪ್ರಾಧಾನ್ಯ. ನಾಡಿನ ಬಹುಜನರಿಗೆ ಈಗ ಶರೀಫರ ಪದವೆಂದರೆ ಆ ಧಾಟಿಯೇ ಆಗಿರುವದು. ನಿರ್ದೇಶಕರು ಮೇಳಕ್ಕೆ ಇನ್ನಷ್ಟು ಎಡೆಗೊಡಬೇಕಾಗಿತ್ತೆಂದು ನಮಗೆ ತೋರುವದು.