ಕೊಂಬನ್ನು ಆಮೇಲೆ ನೋಡಿ: ಯೂನಿಕಾರ್ನ್ ಮೀನು ಗುರುತಿಸುವವರಿಗೊಂದು ಕೈಪಿಡಿ

ಯೂನಿಕಾರ್ನ್ ಮೀನು ಎಂದ ಕೂಡಲೇ ಕಣ್ಣು ಹಣೆಯ ಕೊಂಬನ್ನು ಹುಡುಕುತ್ತದೆ. ಹೊಸಬರು ಎಡವುವುದೂ ಅಲ್ಲೇ. ನೇಸೊ ಎಂಬ ಈ ಕುಲದಲ್ಲಿ ಸುಮಾರು 20 ಪ್ರಭೇದಗಳಿವೆ. ಅವುಗಳಲ್ಲಿ ಹಲವಕ್ಕೆ ಕೊಂಬೇ ಇಲ್ಲ. ಕೊಂಬಿರುವ ಜಾತಿಗಳಲ್ಲೂ ಮರಿಗಳ ಹಣೆ ಬೋಳು. ಮಾಲ್ದೀವ್ಸ್‌ನಲ್ಲೋ, ಲಕ್ಷದ್ವೀಪದ ಕಡಮತ್‌ನಲ್ಲೋ ಸ್ನಾರ್ಕೆಲ್ ಕಚ್ಚಿಕೊಂಡು ನೀರಿಗಿಳಿದರೆ, ನೋಟ ಬಾಲದಿಂದ ಶುರುವಾಗಲಿ.

ಬಾಲದ ಬುಡ

ಇವು ಸರ್ಜನ್ ಮೀನುಗಳ ಬಳಗ. ಆ ಬಳಗದ ಬಹುಪಾಲು ಮೀನುಗಳಿಗೆ ಬಾಲದ ಬುಡದ ಎರಡೂ ಪಕ್ಕ ಒಂದೊಂದು ಅಲಗು ಇರುತ್ತದೆ. ಬೇಡದಾಗ ಅದು ಮಡಚುವ ಚಾಕುವಿನಂತೆ ತೋಡಿನೊಳಗೆ ಮಲಗುತ್ತದೆ. ನೇಸೊಗಳ ಅಲಗು ಮಡಚುವಂಥದ್ದಲ್ಲ. ಸಾಮಾನ್ಯವಾಗಿ ಪಕ್ಕಕ್ಕೆರಡರಂತೆ ಗಟ್ಟಿ ಮೂಳೆಫಲಕಗಳು, ಅವುಗಳಿಂದ ಎದ್ದ ಚೂಪು ಏಣು.

ಫಲಕದ ಬಣ್ಣ ನೋಡಿ. ನೀಲಿಯಾಗಿದ್ದು ಮೈ ಬೂದು ಹಸಿರಾಗಿದ್ದರೆ ಅದು ನೇಸೊ ಯೂನಿಕಾರ್ನಿಸ್. ಕಡು ಕಿತ್ತಳೆಯಾಗಿದ್ದರೆ ಬೆನ್ನಿನ ರೆಕ್ಕೆಯತ್ತ ಕಣ್ಣು ಹಾಯಿಸಿ. ಅದು ಹಳದಿಯಾದರೆ ಹಿಂದೂ ಮಹಾಸಾಗರದ ಎಲೆಗನ್ಸ್, ಕಪ್ಪಾದರೆ ಪೆಸಿಫಿಕ್‌ನ ಲಿಟುರೇಟಸ್. ಇವೆರಡಕ್ಕೂ ಕೊಂಬಿಲ್ಲ.

ಹಣೆ ಮತ್ತು ಊಟ

ಈಗ ಹಣೆಗೆ ಬನ್ನಿ. ಕೊಂಬಿದೆಯೇ ಎಂದಲ್ಲ, ಅದು ಬಾಯಿಯನ್ನು ದಾಟಿದೆಯೇ ಎಂದು ಕೇಳಿಕೊಳ್ಳಿ. ಯೂನಿಕಾರ್ನಿಸ್‌ನ ಮೊಂಡು ಕೊಂಬು ತುಟಿಯಿಂದ ಮುಂದೆ ಹೋಗುವುದಿಲ್ಲ. ಹಾಗಾಗಿಯೇ ಅದು ಅಲೆ ಬಡಿಯುವ ಆಳವಿಲ್ಲದ ಬಂಡೆಗಳಿಗೆ ಬಾಯಿ ಹಚ್ಚಿ ಕಂದು ಪಾಚಿಯನ್ನು ನಿರಾಳವಾಗಿ ಮೇಯಬಲ್ಲದು. ಕೆಂಪು ಸಮುದ್ರದಲ್ಲಿ ಇದನ್ನು ಕಂಡು ಬಣ್ಣಿಸಿದ ನಿಸರ್ಗ ವಿಜ್ಞಾನಿ ಫೋರ್ಸ್‌ಸ್ಕಾಲ್ 1763ರಲ್ಲಿ ಯೆಮೆನ್‌ನಲ್ಲಿ ತೀರಿಕೊಂಡ. ಆತನ ಟಿಪ್ಪಣಿಗಳನ್ನು ಸಹಯಾತ್ರಿ ನೀಬೂರ್ 1775ರಲ್ಲಿ ಅಚ್ಚು ಹಾಕಿಸಿದ.

ಬ್ರೆವಿರೋಸ್ಟ್ರಿಸ್‌ನ ಕೊಂಬು ಬಾಯಿಯನ್ನು ದಾಟಿ ಬಹಳ ಮುಂದೆ ಚಾಚುತ್ತದೆ. ಅಷ್ಟುದ್ದದ ಕೊಂಬು ಹೊತ್ತು ಬಂಡೆ ಕೆರೆಯುವುದು ಸುಲಭವಲ್ಲ. ಮರಿಯಾಗಿದ್ದಾಗ ಪಾಚಿ ಮೇಯುವ ಈ ಮೀನು ಬೆಳೆದ ಮೇಲೆ ತೆರೆದ ನೀರಿನ ತೇಲುಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಮೈಮೇಲಿನ ಚುಕ್ಕೆ, ಗೀರು ಮತ್ತು ಬಿಳಿಚಿದ ಬಾಲ ಅದರ ಗುರುತನ್ನು ಖಚಿತಪಡಿಸುತ್ತವೆ. ಉದ್ದ ಕೊಂಬಿದ್ದೂ ಚುಕ್ಕೆಗಳಿಲ್ಲದಿದ್ದರೆ ಆನ್ಯುಲೇಟಸ್ ಇರಬಹುದೆಂದು ಯೋಚಿಸಿ. ಕುಲದಲ್ಲೇ ದೊಡ್ಡದಾದ ಇದು ಒಂದು ಮೀಟರ್‌ವರೆಗೂ ಬೆಳೆಯುತ್ತದೆ. ಬೆನ್ನಲ್ಲಿ ಗೂನು ಕಂಡರೆ ಬ್ರಾಕಿಸೆಂಟ್ರಾನ್. ಅದರಲ್ಲಿ ಕೊಂಬು ಗಂಡಿಗೆ ಮಾತ್ರ.

ಹವಳದ ದಿಬ್ಬ ಥಟ್ಟನೆ ಆಳಕ್ಕಿಳಿಯುವ ಅಂಚಿನಾಚೆ ಕೊಂಬಿಲ್ಲದ ಹಿಂಡು ತೇಲುತ್ತಿದ್ದರೆ ಹೆಕ್ಸಕ್ಯಾಂಥಸ್ ಇರಬಹುದು. ನಡುವೆ ದುಂಡು ಮೂಗಿನದೊಂದು ಕಂಡರೆ ಅದು ವ್ಲಾಮಿಂಗಿ.

ಬಣ್ಣ ಚಂಚಲ

ಫಲಕದ ಬಣ್ಣವನ್ನು ನಂಬಬಹುದು, ಮೈಬಣ್ಣವನ್ನಲ್ಲ. ವ್ಲಾಮಿಂಗಿಯ ಮೈಮೇಲೆ ನೀಲಿ ಗೆರೆಗಳು ಒಮ್ಮೆ ಹೊಳೆದು, ಮರುಕ್ಷಣ ಮಾಯವಾಗುತ್ತವೆ. ಕಡುಗಪ್ಪಾಗಿದ್ದ ಹೆಕ್ಸಕ್ಯಾಂಥಸ್, ಸ್ವಚ್ಛಕ ಮೀನು ಮೈ ಹೆಕ್ಕುವಾಗ ತಿಳಿನೀಲಿಯಾಗಿಬಿಡುತ್ತದೆ. ಒಂದೇ ಮೀನನ್ನು ಎರಡಾಗಿ ಎಣಿಸಬೇಡಿ.

ಬೆನ್ನಟ್ಟಿದರೆ ಯಾವುದೂ ನಿಲ್ಲುವುದಿಲ್ಲ. ಒಂದೆಡೆ ಅಲುಗದೆ ತೇಲಿ, ಅದು ಪಕ್ಕಕ್ಕೆ ತಿರುಗಲು ಬಿಡಿ. ಬಾಲ, ಹಣೆ, ಊಟ, ಬಣ್ಣ ಎಂಬ ಈ ಕ್ರಮ ರೂಢಿಯಾಗುವವರೆಗೆ ಕೆಲವು ಮೀನುಗಳಿಗೆ ಹೆಸರು ಹತ್ತುವುದಿಲ್ಲ. ಆಗ ಪುಸ್ತಕದಲ್ಲಿ ಬರೀ ‘ನೇಸೊ’ ಎಂದು ಬರೆದುಕೊಳ್ಳಿ. ತಪ್ಪು ಹೆಸರಿಗಿಂತ ಅರ್ಧ ಹೆಸರೇ ಲೇಸು.