ಟೊಪ್ಪಿ ಚೆನ್ನಾಗಿ ಬಂದಿದೆ

ಅಕ್ಕನ ಮಗಳು ಮೈಸೂರಿನ ಹೊರವಲಯದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. 40–60ರ ಸೈಟು, ಪೂರ್ವಕ್ಕೆ ಮುಖ. ತಾರಸಿ ಬಿದ್ದಿದೆ, ಗೋಡೆ ಎದ್ದಿದೆ, ಗಾರೆ ಆಗಬೇಕು. ಹೋದ ವಾರ ಫೋನು ಮಾಡಿ, “ಮಾಮ, ಗೃಹಪ್ರವೇಶಕ್ಕೆ ಮಿಕ್ಸಿ ಗಿಕ್ಸಿ ಏನೂ ತರಬೇಡಿ. ಯಾವ ಕ್ಯಾಮೆರಾ ತಗೋಬೇಕು ಅಂತ ಹೇಳಿಬಿಡಿ, ಅದೇ ಉಡುಗೊರೆ” ಅಂದಳು. ಯಾವುದು ಅನ್ನೋದು ಆಮೇಲೆ ಪುಟ್ಟಿ, ಎಲ್ಲಿ ಅನ್ನೋದನ್ನ ಗಾರೆಯವರು ಬರೋದರೊಳಗೆ ನೋಡಬೇಕು ಎಂದು ಭಾನುವಾರದ ಬಸ್ಸು ಹತ್ತಿದೆ.

ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ನನ್ನ ಮನೆಗೆ ಮೊದಲ ಸಲ ಹಾಕಿಸಿದಾಗ ರಿಯಾಯಿತಿಯಲ್ಲಿ ಎಂಟು ಕ್ಯಾಮೆರಾದ ಸೆಟ್ಟು ಸಿಕ್ಕಿತ್ತು. ಎಂಟೂ ಮೊದಲ ಮಹಡಿಯ ಪ್ಯಾರಪೆಟ್ಟಿನ ಕೆಳಗೆ ಸಾಲಾಗಿ ಕೂತವು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲವೂ ಟಿವಿಯಲ್ಲಿ ಕಾಣುತ್ತಿತ್ತು. ಬಂದವರಿಗೆಲ್ಲ ತೋರಿಸಿ ಬೀಗಿದ್ದೇ ಬೀಗಿದ್ದು. ಒಂದು ರಾತ್ರಿ ಯಾರೋ ಸಂಪಿನ ಮೋಟಾರು ಬಿಚ್ಚಿಕೊಂಡು ಹೋದರು. ನೋಡಲು ಬಂದ ಪೊಲೀಸಿನವರು ದೃಶ್ಯವನ್ನು ಮೂರು ಸಲ ಹಿಂದೆ ಮುಂದೆ ಓಡಿಸಿ, ಕೊನೆಗೆ ಬಹಳ ಮರ್ಯಾದೆಯಿಂದ ಹೇಳಿದರು: “ಸಾರ್, ಟೊಪ್ಪಿ ಚೆನ್ನಾಗಿ ಬಂದಿದೆ.”

ಹದಿನೆಂಟು ಅಡಿ ಮೇಲಿಂದ ನೋಡಿದರೆ ಮನುಷ್ಯನಿಗೆ ಮುಖ ಇರುವುದಿಲ್ಲ, ನೆತ್ತಿ ಮಾತ್ರ. ಕ್ಯಾಮೆರಾ ಕೈಗೆ ಸಿಗದಷ್ಟು ಮೇಲಿರಬೇಕು, ಮುಖ ತಪ್ಪದಷ್ಟು ಕೆಳಗಿರಬೇಕು. ಅದು ಎಂಟರಿಂದ ಒಂಬತ್ತು ಅಡಿ. ಊರೆಲ್ಲ ಕಾಣುವ ಎಂಟು ಕ್ಯಾಮೆರಾಕ್ಕಿಂತ ಗೇಟು ತೆಗೆದವನ ಮುಖ ಕಾಣುವ ಒಂದೇ ಒಂದು ನನಗೆ ಸಾಕು.

ಸೈಟಿನಲ್ಲಿ ಮೇಸ್ತ್ರಿಯ ಏಣಿ ಇತ್ತು. ಮೊಬೈಲನ್ನು ಒಂದು ರೀಪರಿನ ತುದಿಗೆ ಕಟ್ಟಿ, ಪೋರ್ಟಿಕೋ ಗೋಡೆಗೆ ಎಂಟೂವರೆ ಅಡಿಯಲ್ಲಿ ಆನಿಸಿ ವಿಡಿಯೊ ಹಚ್ಚಿದೆ. ಗಾರೆ ಕಲಸುವ ಹುಡುಗನಿಗೆ, “ಗೇಟಿಂದ ಬಾಗಿಲಿಗೆ ನಡಿಯಪ್ಪ, ಕದಿಯೋಕೆ ಬಂದೋನ ಹಾಗೆ” ಅಂದೆ. ಅವನು ನಾಚಿಕೊಂಡು ತಲೆ ತಗ್ಗಿಸಿಯೇ ನಡೆದ. ಕಳ್ಳರೂ ಹಾಗೇ ತಾನೆ ನಡೆಯುವುದು! ಮೊದಲ ಜಾಗದಲ್ಲಿ ಕಂಬ ಅಡ್ಡ ಬಂತು, ಎರಡನೆಯದರಲ್ಲಿ ನಿಲ್ಲಬೇಕಾದ ಕಾರು. ಮೂರನೆಯದರಲ್ಲಿ ಹುಡುಗನ ಮೂಗು, ಗದ್ದ, ಹಣೆಯ ಸಿಮೆಂಟಿನ ಗೆರೆ ಎಲ್ಲ ಸಿಕ್ಕಿತು. ಅಲ್ಲಿಗೆ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದೆವು.

ಇನ್ನು ಲೆನ್ಸು. ಅಂಗಡಿಯಲ್ಲಿ ಕೇಳದೇ ಇದ್ದರೆ ಕೊಡುವುದು 2.8 ಎಂಎಂ, ಸುಮಾರು ನೂರು ಡಿಗ್ರಿ ಅಗಲ ಬಾಚುತ್ತದೆ. ಅಗಲ ಬಾಚಿದಷ್ಟೂ ಮುಖದ ಪಾಲಿಗೆ ಉಳಿಯುವ ಚುಕ್ಕಿಗಳು ಕಡಿಮೆ. ಅಪರಿಚಿತನನ್ನು ಇವನೇ ಎಂದು ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಇರಬೇಕೆಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಈ ಮನೆಯ ಗುರುತಿನಿಂದ ಗೇಟು ಇಪ್ಪತ್ತು ಅಡಿ. ನಾಲ್ಕು ಮೆಗಾಪಿಕ್ಸೆಲ್ಲಿನ ಕ್ಯಾಮೆರಾಕ್ಕೆ 2.8 ಎಂಎಂ ಲೆನ್ಸು ಹಾಕಿದರೆ ಆ ದೂರದಲ್ಲಿ 180ರ ಆಸುಪಾಸು ಬರುತ್ತದೆ, ಅಂದರೆ ಫೇಲು. 4 ಎಂಎಂ ಜಸ್ಟ್ ಪಾಸು. 6 ಎಂಎಂ ನಿರಾಳ. ಗೇಟಿಗೆ 6, ಬಾಗಿಲ ಮುಂದಕ್ಕೆ 2.8 ಎಂದು ಬರೆದುಕೊಂಡೆ.

ಪೂರ್ವದ ಬಾಗಿಲು ವಾಸ್ತುವಿಗೆ ಎಷ್ಟು ಇಷ್ಟವೋ ಕ್ಯಾಮೆರಾಕ್ಕೆ ಅಷ್ಟೇ ಕಷ್ಟ. ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆದು ಬಂದವರೆಲ್ಲ ಕಪ್ಪು ನೆರಳಾಗುತ್ತಾರೆ. ಇದನ್ನು ಸರಿದೂಗಿಸುವ ಡಬ್ಲ್ಯುಡಿಆರ್ ಎಂಬ ಸೌಲಭ್ಯ ಇರುವುದನ್ನೇ ಕೊಳ್ಳಬೇಕು. ‘ಡಿಜಿಟಲ್ ಡಬ್ಲ್ಯುಡಿಆರ್’ ಎಂದಿದ್ದರೆ ಅದು ಹೆಸರಿಗೆ ಮಾತ್ರ, ‘ಟ್ರೂ’ ಅಥವಾ ‘120 ಡಿಬಿ’ ಎಂದಿರಬೇಕು. ರಾತ್ರಿಯದು ಬೇರೆ ಕಥೆ. ಸಜ್ಜದ ಅಡಿಗೆ ತೀರಾ ಒತ್ತಿ ಕೂರಿಸಿದರೆ ಇನ್‌ಫ್ರಾರೆಡ್ ಬೆಳಕು ಬಿಳಿ ಸುಣ್ಣಕ್ಕೆ ಬಡಿದು ವಾಪಸ್ಸು ಬಂದು ಚಿತ್ರವೆಲ್ಲ ಮಂಜು. ಜೊತೆಗೆ ಹುಳ, ಹುಳದ ಹಿಂದೆ ಜೇಡ. ಲೆನ್ಸಿನ ಮುಂದೆ ಕಟ್ಟಿದ ಬಲೆಯ ಒಂದು ಎಳೆ ರಾತ್ರಿ ಹಗ್ಗದಷ್ಟು ದಪ್ಪ ಕಾಣುತ್ತದೆ. ಇದಕ್ಕೆ ತಂತ್ರಜ್ಞಾನ ಏನೂ ಇಲ್ಲ, ಹದಿನೈದು ದಿನಕ್ಕೊಮ್ಮೆ ಪೊರಕೆ.

ಎಲೆಕ್ಟ್ರಿಷಿಯನ್ ಬಂದವನೇ, “ವೈಫೈ ಹಾಕ್ಸಿಬಿಡಿ ಸಾರ್, ಪೈಪಿನ ತಲೆನೋವೇ ಇಲ್ಲ” ಅಂದ. “ಕರೆಂಟೂ ವೈಫೈಯಲ್ಲೇ ಬರುತ್ತಾ?” ಎಂದು ಕೇಳಿದೆ. ನಕ್ಕ. ಬಾಡಿಗೆ ಮನೆಯವರಿಗೆ ವೈಫೈ ಸರಿ, ಅವರಿಗೆ ಬೇರೆ ದಾರಿ ಇಲ್ಲ. ಗೋಡೆ ಇನ್ನೂ ಇಟ್ಟಿಗೆಯ ಸ್ಥಿತಿಯಲ್ಲಿರುವಾಗ ತಂತಿ ಎಳೆಯದಿರುವುದು ಸೋಮಾರಿತನ. ಒಂದೇ ಕ್ಯಾಟ್-6 ಕೇಬಲ್ಲಿನಲ್ಲಿ ಚಿತ್ರವೂ ಕರೆಂಟೂ ಒಟ್ಟಿಗೆ ಹರಿಯುತ್ತವೆ. ಪಿಒಇ ಎನ್ನುವ ಈ ಏರ್ಪಾಡಿಗೆ 2003ರಲ್ಲೇ ಮಾನದಂಡ ಬಂದಿದೆ. ನೂರು ಮೀಟರಿನವರೆಗೆ ಚಿಂತೆಯಿಲ್ಲ, ನಮ್ಮ ಸೈಟಿನಲ್ಲಿ ಅಷ್ಟು ಉದ್ದ ಸಿಗುವುದೂ ಇಲ್ಲ. ತಾಮ್ರದ ಕೇಬಲ್ಲೇ ಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ್ದು ಅಗ್ಗಕ್ಕೆ ಸಿಗುತ್ತದೆ, ಅದನ್ನು ಗೋಡೆಯೊಳಗೆ ಹೂಳಬೇಡಿ. ಕರೆಂಟಿನ ವೈರು ಹೋಗುವ ಪೈಪಿನಲ್ಲೇ ಇದನ್ನೂ ತುರುಕಲು ಹೊರಟವನನ್ನು ತಡೆದು ಬೇರೆ 25 ಎಂಎಂ ಪೈಪು ಹಾಕಿಸಿದೆ. ಮುಖ ಊದಿಸಿಕೊಂಡ. ಕಾಫಿ ತರಿಸಿದ ಮೇಲೆ ಸರಿಹೋದ.

ಎಲ್ಲ ಪೈಪುಗಳೂ ಎಲ್ಲಿ ಸೇರಬೇಕು? ಟಿವಿಯ ಕೆಳಗಂತೂ ಅಲ್ಲ. ಕಳ್ಳರು ಹೋಗುವಾಗ ಒಡವೆಯ ಜೊತೆ ರೆಕಾರ್ಡರನ್ನೂ ಹೊತ್ತೊಯ್ದ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಮಲಗುವ ಕೋಣೆಯ ಅಟ್ಟದ ಹಿಂಬದಿಗೆ, ಗಾಳಿಯಾಡುವ ಕಡೆ ಜಾಗ ಮಾಡಿಸಿದೆ. ಯುಪಿಎಸ್ಸಿನ ಪಾಯಿಂಟು ಅಲ್ಲಿಗೂ ಬೇಕು, ರೂಟರಿಗೂ ಬೇಕು. ಒಂದು ಕ್ಯಾಮೆರಾ 2 ಎಂಬಿಪಿಎಸ್ ವೇಗದಲ್ಲಿ ಬರೆದರೆ ದಿನಕ್ಕೆ 21 ಜಿಬಿ ಮೀರುತ್ತದೆ, ನಾಲ್ಕಕ್ಕೆ 86. ಎರಡು ಟಿಬಿ ಡಿಸ್ಕಿನಲ್ಲಿ ಮೂರು ವಾರದ ಮೇಲೆ ಉಳಿಯುತ್ತದೆ. ಮನೆಗೆ ಅಷ್ಟು ಸಾಕು.

ಗೇಟು, ಬಾಗಿಲು, ಹಿಂದಿನ ಯುಟಿಲಿಟಿ, ತಾರಸಿಯ ಮೆಟ್ಟಿಲು: ನಾಲ್ಕೇ. “ಹಾಲಿಗೆ ಒಂದು ಬೇಡವಾ ಮಾಮ? ಅತ್ತೆ ಒಬ್ಬರೇ ಇರ್ತಾರೆ” ಅಂದಳು. ಅತ್ತೆಯವರು ಅಲ್ಲೇ ಮರಳಿನ ಗುಡ್ಡೆಯ ಪಕ್ಕ ಕುರ್ಚಿ ಹಾಕಿ ಕೂತಿದ್ದರು. “ನಾನು ಸೀರೆ ಸಡಿಲ ಮಾಡ್ಕೊಂಡು ಫ್ಯಾನಿನ ಕೆಳಗೆ ಕೂರೋದನ್ನ ಆಫೀಸಲ್ಲಿ ಕೂತು ನೋಡ್ತೀಯೇನೇ?” ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅತ್ತೆಯವರು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿದರು. ಪಕ್ಕದ ಮನೆಯ ಕಿಟಕಿ ಚೌಕಟ್ಟಿನಲ್ಲಿ ಬರುವಂತಿದ್ದರೆ ಆ ಭಾಗಕ್ಕೆ ಸೆಟ್ಟಿಂಗಿನಲ್ಲಿ ಕಪ್ಪು ಪಟ್ಟಿ ಎಳೆಯಿರಿ. ಬಹುತೇಕ ಎಲ್ಲ ಕಂಪನಿಯವರೂ ಆ ಸೌಲಭ್ಯ ಕೊಟ್ಟಿರುತ್ತಾರೆ.

ಪಾಸ್‌ವರ್ಡಿನ ಬಗ್ಗೆ ಒಂದೇ ಮಾತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರು, ರೂಟರುಗಳನ್ನು ವಶಮಾಡಿಕೊಂಡದ್ದು ಕಾರ್ಖಾನೆಯವರು ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೇ ಇದ್ದದ್ದರಿಂದ. ಹಾಕಲು ಬಂದ ಹುಡುಗ ಹೊರಡುವ ಮುಂಚೆ, ಅವನ ಎದುರಿಗಲ್ಲ, ನೀವೇ ಬದಲಿಸಿ.

ಗಾರೆ ಮುಂದಿನ ಸೋಮವಾರವಂತೆ. ಮನೆ ಕಟ್ಟಿಸುತ್ತಿರುವ ಓದುಗರೂ ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ: ಪೈಪು ಹೂತ ಪ್ರತಿ ಗೋಡೆಗೂ ಅಳತೆಯ ಟೇಪು ಹಿಡಿಸಿ ಫೋಟೊ ತೆಗೆದಿಟ್ಟುಕೊಳ್ಳಿ. ಐದು ವರ್ಷದ ಮೇಲೆ ದೇವರ ಪಟಕ್ಕೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.