ಉಸಿರಿಗೆ ಕಟ್ಟಿದ ಬೆಲೆ

ಮಲಿನವಾದ ಗಾಳಿಯು ಕೆಲಸಗಾರನ ಆರೋಗ್ಯವನ್ನಷ್ಟೇ ಅಲ್ಲ, ಉದ್ಯಮದ ಗಳಿಕೆಯನ್ನೂ ಕುಂದಿಸುತ್ತದೆಂಬ ವಾದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಜೋಶುವಾ ಗ್ರಾಫ್ ಜಿವಿನ್ ಮತ್ತು ಮ್ಯಾಥ್ಯೂ ನೀಡೆಲ್ ಅವರ 2012ರ ಪ್ರಬಂಧವು ಗಟ್ಟಿಯಾದ ಆಧಾರವನ್ನು ಒದಗಿಸಿತು. ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಕೀಳುವವರ ದಿನದಿನದ ಕೆಲಸವನ್ನೂ ಅಂದಂದಿನ ಗಾಳಿಯಲ್ಲಿದ್ದ ಓಝೋನನ್ನೂ ಅವರು ಜೊತೆಗಿಟ್ಟು ಪರಿಶೀಲಿಸಿದರು. ಗಾಳಿಯ ನೂರು ಕೋಟಿ ಭಾಗಗಳಲ್ಲಿ ಓಝೋನು 10 ಭಾಗದಷ್ಟು ಇಳಿದರೆ ಕೆಲಸವು ಶೇಕಡಾ 5.5ರಷ್ಟು ಏರುತ್ತದೆಂದು ಕಂಡುಬಂದಿತು.

ಪ್ರಬಂಧದ ನಿಜವಾದ ಹೆಚ್ಚುಗಾರಿಕೆಯು ಈ ಅಂಕಿಯಲ್ಲಿಲ್ಲ. ಇಲ್ಲಿ ಅಳೆಯಲ್ಪಟ್ಟವರು ಹಾಸಿಗೆ ಹಿಡಿದ ರೋಗಿಗಳಲ್ಲ. ಎಂದಿನಂತೆ ದುಡಿಮೆಗೆ ಬಂದವರು. ಅವರು ಉಸಿರಾಡಿದ ಗಾಳಿಯೂ ಬಹುಮಟ್ಟಿಗೆ ಕಾನೂನಿನ ಮಿತಿಯೊಳಗೇ ಇತ್ತು. ಕಾನೂನು ಸಮ್ಮತಿಸಿದ್ದೆಲ್ಲವೂ ನಿರಪಾಯವೆಂದು ನಂಬಿರುವವರು (ಅಂಥವರು ಎಲ್ಲ ದೇಶಗಳಲ್ಲಿಯೂ ಉಂಟು) ಇದನ್ನು ಎರಡು ಬಾರಿ ಓದಬೇಕು. ಇದೇ ವಿದ್ವಾಂಸರು ಇತರರೊಡನೆ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಪೇರ್ ಹಣ್ಣುಗಳನ್ನು ಪೆಟ್ಟಿಗೆಗಳಿಗೆ ತುಂಬುವ ಕಾರ್ಖಾನೆಯೊಂದನ್ನು ಕುರಿತದ್ದು. ಹೊರಗಿನ ಸೂಕ್ಷ್ಮ ಧೂಳು ಗೋಡೆಗಳನ್ನು ದಾಟಿ ಒಳಬಂದು, ಪಳಗಿದ ಕೈಗಳ ವೇಗವನ್ನು ತಗ್ಗಿಸಿತು. 2019ರಲ್ಲಿ ಪ್ರಕಟವಾದ ಅಧ್ಯಯನವು ಚೀನಾದ ದೂರವಾಣಿ ಸೇವಾಕೇಂದ್ರಗಳ ನೌಕರರಲ್ಲಿಯೂ ಇಂಥದೇ ಕುಸಿತವನ್ನು ತೋರಿಸಿತು.

ಇಷ್ಟನ್ನು ಒಪ್ಪಿದ ಮೇಲೂ ಒಂದು ಆಕ್ಷೇಪವು ಉಳಿಯುತ್ತದೆ. ಹಣ್ಣು ಕಿತ್ತವರಿಗೆ ಕೂಲಿಯು ಕಿತ್ತಷ್ಟಕ್ಕೆ ಸಲ್ಲುತ್ತಿತ್ತು. ಕೆಲಸವನ್ನು ಅಳೆಯಲು ಲೇಖಕರಿಗೆ ಅನುಕೂಲವಾದದ್ದೂ ಆ ಪದ್ಧತಿಯೇ. ಆದರೆ ಅದರ ಪರಿಣಾಮವೇನು? ಗಾಳಿ ಕೆಟ್ಟ ದಿನ ಬುಟ್ಟಿ ತುಂಬದಿದ್ದರೆ, ಕನಿಷ್ಠ ಕೂಲಿಯ ಮಟ್ಟವನ್ನು ಮುಟ್ಟುವವರೆಗೆ ನಷ್ಟವು ಕಿತ್ತವನದೇ ಹೊರತು ಒಡೆಯನದಲ್ಲ. ಲೇಖಕರಿಗೆ ಇದು ತಿಳಿಯದ ಸಂಗತಿಯಲ್ಲ. ಆದರೂ ಅವರ ಅಂತಿಮ ಗಣನೆಯು, ಗಾಳಿ ಶುದ್ಧವಾದರೆ ಕೂಲಿಯ ವೆಚ್ಚದಲ್ಲಿ ಎಷ್ಟು ಉಳಿತಾಯವಾದೀತೆಂಬ ಕಡೆಗೇ ಹೊರಳುತ್ತದೆ. ಉತ್ಪಾದನೆ ಎಂಬ ಒಂದೇ ಮಾತಿನೊಳಗೆ ಒಡೆಯನ ಲಾಭವೂ ಆಳಿನ ಸಂಜೆಯ ಊಟವೂ ಬೆರೆತುಹೋಗಿ, ಯಾರದು ಎಷ್ಟು ಹೋಯಿತೆಂಬ ಪ್ರಶ್ನೆಯೇ ಮರೆಯಾಗುತ್ತದೆ. ಕೆಲಸವನ್ನು ಎಣಿಸಲು ಬಾರದ ವೃದ್ಧರೂ ಮಕ್ಕಳೂ ಅದೇ ಗಾಳಿಯನ್ನು ಉಸಿರಾಡುವರಾದರೂ ಇಂಥ ಲೆಕ್ಕದ ಪುಸ್ತಕದಲ್ಲಿ ಅವರಿಗೆ ಪುಟವಿಲ್ಲ.

ಈ ಲೆಕ್ಕವು ವ್ಯವಹಾರಕ್ಕೆ ಇಳಿದಾಗ ತಾಳುವ ರೂಪವನ್ನು ಜಪಾನಿನ ಪ್ಯಾನಸೋನಿಕ್ ಸಂಸ್ಥೆಯ ಒಂದು ನಿರ್ಧಾರದಲ್ಲಿ ಕಾಣಬಹುದು. ಹೊಲಸು ಗಾಳಿಗೆ ಪರಿಹಾರವೆಂದು ಚೀನಾದಲ್ಲಿನ ನೌಕರರಿಗೆ ಹೆಚ್ಚುವರಿ ವೇತನ ನೀಡುವುದಾಗಿ ಅದು 2014ರಲ್ಲಿ ಪ್ರಕಟಿಸಿತು. ನುರಿತವರು ಅಲ್ಲಿಗೆ ಹೋಗಲು ಹಿಂಜರಿಯಬಾರದಷ್ಟೆ. ಆ ಪರಿಹಾರವು ಸ್ವದೇಶದಿಂದ ಕಳುಹಿಸಲ್ಪಟ್ಟವರಿಗಾಗಿತ್ತು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ದುಡಿಯುವ ಚೀನೀ ಕೆಲಸಗಾರರಿಗಲ್ಲ.